ಮಗಳಿಗೊಂದು ಪತ್ರ: ಮನ್ನಾ ಬೇರೆ, ರೈಟ್ ಆಫ್ ಬೇರೆ

ಮಂಗಳೂರು
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ಅಮ್ಮ "ಏನಂತೆ?" ಅಂತ ಕೇಳಿದಳು. "ಏನಿಲ್ಲ, ಆಫೀಸಿನ ತಲೆಬಿಸಿ" ಅಂದೆ. ಅವಳು ನಂಬಲಿಲ್ಲ. ನನಗೆ ನಿದ್ದೆ ಬರಲಿಲ್ಲ.

ಮೂರು ತಿಂಗಳು ಕೂತು ನೀನು ಮಾಡಿದ ಕೆಲಸವನ್ನು ಪಕ್ಕದ ಸೀಟಿನವನು ಮೀಟಿಂಗಿನಲ್ಲಿ ತನ್ನದೆಂದು ತೋರಿಸಿದ. ಮೇಲಿನವರು ಅವನ ಬೆನ್ನು ತಟ್ಟಿದರು. ಈಗ ಪ್ರಮೋಷನ್ ಪಟ್ಟಿಯಲ್ಲಿ ಅವನ ಹೆಸರಿದೆ, ನಿನ್ನದಿಲ್ಲ. ಕೇಳಿ ಸಿಟ್ಟು ಬಂತು. ಆದರೆ ಅದಕ್ಕಿಂತ ಜಾಸ್ತಿ ಚುಚ್ಚಿದ್ದು ನೀನು ಕೊನೆಗೆ ಹೇಳಿದ ಮಾತು. "ನೀವು ಕ್ಷಮಿಸು ಅಂತೀರಿ ಅಂತ ಗೊತ್ತಿತ್ತು ಅಪ್ಪ. ಅದಕ್ಕೇ ಒಂದು ತಿಂಗಳಿಂದ ಹೇಳಲಿಲ್ಲ."

ಇವತ್ತು ಚರ್ಚಿನಲ್ಲಿ ಪ್ರಸಂಗ ಬೇರೆ ಯಾವುದೋ ವಿಷಯದ ಮೇಲಿತ್ತು. ನಾನು ಮಾತ್ರ ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ತೆಗೆದು ಕೂತಿದ್ದೆ. ಅಮ್ಮ ಎರಡು ಸಲ ಮೊಣಕೈಯಲ್ಲಿ ತಿವಿದಳು.

ಶಿಷ್ಯ ಪೇತ್ರ ಬಂದು "ಎಷ್ಟು ಸಾರಿ ಕ್ಷಮಿಸಬೇಕು? ಏಳು ಸಾರಿಯೋ?" ಅಂತ ಕೇಳುವುದು, ಯೇಸು ಏಳೆಪ್ಪತ್ತು ಸಾರಿ ಅನ್ನುವುದು ಅಲ್ಲೇ. ಸಂಡೇ ಸ್ಕೂಲಿನಲ್ಲಿ ನೀನು ಇದನ್ನು ಬಾಯಿಪಾಠ ಒಪ್ಪಿಸಿದ್ದೆ. ಆದರೆ ಅದು ಬರುವುದು 21ನೇ ವಚನದಲ್ಲಿ. ಅದಕ್ಕೂ ಮೊದಲು, 15ನೇ ವಚನದಲ್ಲಿ ಏನಿದೆ ಗೊತ್ತಾ? ನಿನಗೆ ತಪ್ಪು ಮಾಡಿದವನ ಹತ್ತಿರ ಹೋಗು, ನೀನೂ ಅವನೂ ಇಬ್ಬರೇ ಇರುವಾಗ ಅವನ ತಪ್ಪನ್ನು ಅವನಿಗೆ ತೋರಿಸು. ಕೇಳದೆ ಹೋದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಅವರ ಮಾತನ್ನೂ ಕೇಳದಿದ್ದರೆ ಸಭೆಗೆ ಹೇಳು. ಎರಡು ಮೂರು ಸಾಕ್ಷಿಗಳು ಬೇಕೆನ್ನುವುದು ಹಳೇ ಒಡಂಬಡಿಕೆಯ ಧರ್ಮೋಪದೇಶಕಾಂಡದ ನ್ಯಾಯದ ನಿಯಮ. ಅದನ್ನೇ ಯೇಸು ಇಲ್ಲಿ ಎತ್ತಿಕೊಂಡಿದ್ದಾನೆ.

ಅಂದರೆ ತಪ್ಪನ್ನು ತಪ್ಪು ಅಂತ ಹೇಳುವುದು ಮೊದಲು, ಕ್ಷಮೆಯ ಮಾತು ಆಮೇಲೆ. ನಾವು ದೊಡ್ಡವರು ಹದಿನೈದನೇ ವಚನ ಹಾರಿಸಿ ಸೀದಾ ಇಪ್ಪತ್ತೊಂದಕ್ಕೆ ಹೋಗಿಬಿಡುತ್ತೇವೆ. ಅದರಲ್ಲೂ ಹೆಣ್ಣುಮಕ್ಕಳಿಗೆ. "ಹೋಗ್ಲಿ ಬಿಡು, ಸುಮ್ನಿರು, ದೇವರು ನೋಡಿಕೊಳ್ಳುತ್ತಾನೆ" ಅಂತ ಬಾಯಿ ಮುಚ್ಚಿಸಿ, ಅದಕ್ಕೆ ಕ್ಷಮೆ ಅಂತ ಹೆಸರಿಡುತ್ತೇವೆ. ನಾನೂ ನಿನಗೆ ಹಾಗೆ ಹೇಳಿದ್ದೇನೆ. ಅದಕ್ಕೇ ನೀನು ಒಂದು ತಿಂಗಳು ಹೇಳಲಿಲ್ಲ.

ಇನ್ನೊಂದು ಕೆನ್ನೆ ತೋರಿಸು ಎಂದ ಯೇಸು, ಮಹಾಯಾಜಕನ ಮುಂದೆ ಒಬ್ಬ ಓಲೇಕಾರ, ಅಂದರೆ ಕಾವಲಿನವ, ತನ್ನ ಕೆನ್ನೆಗೆ ಹೊಡೆದಾಗ ಏನು ಮಾಡಿದ? ಯೋಹಾನ 18ರಲ್ಲಿದೆ, ಓದು. ನಾನು ತಪ್ಪು ಮಾತಾಡಿದ್ದರೆ ಯಾವುದು ತಪ್ಪು ಅಂತ ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀಯ ಅಂತ ಕೇಳಿದ. ಕೈ ಎತ್ತಲಿಲ್ಲ, ಸುಮ್ಮನೂ ಇರಲಿಲ್ಲ.

ಈಗ ನನ್ನ ಕಥೆ ಹೇಳುತ್ತೇನೆ. ಇಷ್ಟು ವರ್ಷ ನಿನಗೆ ಹೇಳಿರಲಿಲ್ಲ. 2003ರಲ್ಲಿ ಬ್ಯಾಂಕಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರ ಸಾಲಕ್ಕೆ ಜಾಮೀನು ಹಾಕಿದೆ. ನಮ್ಮ ಚರ್ಚಿನವರೇ, ನಮಗಿಂತ ಎರಡು ಬೆಂಚು ಮುಂದೆ ಕೂರುತ್ತಿದ್ದರು. ಜಾಮೀನು ನಿಲ್ಲಬೇಡ ಅಂತ ಬೈಬಲಿನ ಜ್ಞಾನೋಕ್ತಿಯಲ್ಲಿ ಒಂದಲ್ಲ, ನಾಲ್ಕಾರು ಕಡೆ ಇದೆ. ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ ಅಂತ 1872ರ ಕರಾರು ಕಾಯಿದೆಯ 128ನೇ ಕಲಮಿನಲ್ಲೂ ಇದೆ. ಮೊದಲನೆಯದನ್ನು ಮನೆಯಲ್ಲಿ ಓದುತ್ತಿದ್ದೆ, ಎರಡನೆಯದನ್ನು ಕೌಂಟರಿನಲ್ಲಿ ಕೂತು ಬೇರೆಯವರಿಗೆ ವಿವರಿಸುತ್ತಿದ್ದೆ. ಆದರೂ ಸಹಿ ಹಾಕಿದೆ.

ಅವರು ಕಂತು ನಿಲ್ಲಿಸಿದರು. ಬಾಕಿ 36,000 ರೂಪಾಯಿ ನನ್ನ ತಲೆಗೆ ಬಂತು. ತಿಂಗಳಿಗೆ ಸಾವಿರದಂತೆ ಮೂರು ವರ್ಷ ಸಂಬಳದಲ್ಲಿ ಮುರಿದುಕೊಂಡರು. ಆಗ ನನ್ನ ಸಂಬಳ ಸುಮಾರು ಹನ್ನೆರಡು ಸಾವಿರ. ಮನೆಯ ಹಂಚು ಇಳಿಸಿ ಹೊಸದು ಹಾಕಿಸಬೇಕೆಂದು ಇಟ್ಟಿದ್ದ ದುಡ್ಡು ಮನೆ ಖರ್ಚಿಗೆ ಹೋಯಿತು. ಮಳೆಗಾಲದಲ್ಲಿ ಚಾವಡಿಯಲ್ಲಿ ಬಕೆಟ್ ಇಡುತ್ತಿದ್ದದ್ದು ನಿನಗೆ ನೆನಪಿರಬೇಕು. ನೀನು ಅದರಲ್ಲಿ ಕಾಗದದ ದೋಣಿ ಬಿಡುತ್ತಿದ್ದೆ. ನಿನ್ನ ಮುತ್ತಜ್ಜ ದುಡಿದದ್ದು ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ, 1865ರಲ್ಲಿ ಬಾಸೆಲ್ ಮಿಶನ್‌ನವರು ಶುರು ಮಾಡಿದ್ದು. ಅಂಥವರ ಮೊಮ್ಮಗನ ಮನೆಯ ಹಂಚು ಸೋರುತ್ತಿತ್ತು ಅಂತ ನಿಮ್ಮಜ್ಜಿ ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಏಳುವುದನ್ನು ನಿಲ್ಲಿಸಿದೆ. ಕಾಣಿಕೆ ತಂದಾಗ ಅಣ್ಣತಮ್ಮನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿ ಮಾಡಿಕೋ ಎಂದಿದೆಯಲ್ಲ. ನಾನು ಕಾಣಿಕೆಯನ್ನೇನೋ ಬಿಟ್ಟೆ, ರಾಜಿಗೆ ಹೋಗಲಿಲ್ಲ. ನಾಲ್ಕು ತಿಂಗಳು ಕಳೆದ ಮೇಲೆ ಒಂದು ದಿನ ಅಮ್ಮ ಮೀನು ಕೊಯ್ಯುತ್ತಾ ತಲೆ ಎತ್ತದೆ ಕೇಳಿದಳು, "ನೀವು ಅವರನ್ನ ಕೇಳಿದ್ರಾ?"

ಕೇಳಿರಲಿಲ್ಲ, ಪುಟ್ಟಿ. ಬ್ಯಾಂಕಿನಲ್ಲಿ ಎಲ್ಲರಿಗೂ ಹೇಳಿದ್ದೆ. ಅರ್ಧ ಚರ್ಚಿಗೆ ಹೇಳಿದ್ದೆ. ಅವರೊಬ್ಬರಿಗೆ ಹೇಳಿರಲಿಲ್ಲ. ಆಗ ವಾಟ್ಸಾಪ್ ಇರಲಿಲ್ಲ, ಇದ್ದಿದ್ದರೆ ಸ್ಕ್ರೀನ್‌ಶಾಟ್ ಹಾಕಿ ಗ್ರೂಪಿಗೆಲ್ಲ ಕಳಿಸುತ್ತಿದ್ದೆ.

ಒಂದು ಶನಿವಾರ ಸಂಜೆ ಅವರ ಮನೆಗೆ ಹೋದೆ. ಅವರ ಹೆಂಡತಿ ಚಾ ತಂದಿಟ್ಟರು. ಲೆಕ್ಕದ ಚೀಟಿ ಮುಂದಿಟ್ಟು, ನೀವು ಮಾಡಿದ್ದರಿಂದ ನಮ್ಮ ಮನೆಯಲ್ಲಿ ಇಂಥಿಂಥದ್ದಾಯಿತು ಅಂತ ಹೇಳಿದೆ. ಅವರು ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. "ನೋಡುವಾ" ಅಂದರು. ಆಮೇಲೆ ಐದು ಸಾವಿರ ಕೊಟ್ಟರು. ಉಳಿದದ್ದು ಬರಲೇ ಇಲ್ಲ.

ಈಗ ಏಳೆಪ್ಪತ್ತರ ವಿಷಯಕ್ಕೆ ಬರುತ್ತೇನೆ. ಆದಿಕಾಂಡದಲ್ಲಿ, ತಮ್ಮನನ್ನು ಕೊಂದ ಕಾಯಿನನ ವಂಶದ ಲೆಮೆಕ ಅಂತ ಒಬ್ಬನಿದ್ದಾನೆ. ಕಾಯಿನನಿಗಾಗಿ ಏಳರಷ್ಟು ಸೇಡಾದರೆ ನನಗೆ ಎಪ್ಪತ್ತೇಳರಷ್ಟು ಅಂತ ಹೆಂಡತಿಯರ ಮುಂದೆ ಜಂಬ ಕೊಚ್ಚುತ್ತಾನೆ. ಸೇಡಿಗೆ ಅವನು ಬಳಸಿದ ಲೆಕ್ಕವನ್ನೇ ಯೇಸು ಕ್ಷಮೆಗೆ ತಿರುಗಿಸಿದಂತಿದೆ. ಅದರ ಬೆನ್ನಿಗೇ ಸಾಲಗಾರ ಆಳಿನ ಸಾಮ್ಯ, ಅಂದರೆ ದೃಷ್ಟಾಂತದ ಕಥೆ, ಬರುತ್ತದೆ. ಅದು ಬೇರೆ ಯಾವ ಸುವಾರ್ತೆಯಲ್ಲೂ ಇಲ್ಲ, ಮತ್ತಾಯನಲ್ಲಿ ಮಾತ್ರ. ಸುಂಕದ ಕಟ್ಟೆಯಲ್ಲಿ ಕೂತಿದ್ದವನಲ್ವಾ, ಲೆಕ್ಕ ಅಂದರೆ ಅವನಿಗೆ ಕಿವಿ ನೆಟ್ಟಗಾಗುತ್ತಿತ್ತೇನೋ. ನನ್ನ ಹಾಗೆ.

ಒಬ್ಬ ಆಳು ರಾಜನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ಒಂದು ತಲಾಂತು ಅಂದರೆ 6,000 ದಿನಾರಿ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಗುಣಿಸಿ ನೋಡು, ಆರು ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ಎರಡು ಲಕ್ಷ ವರ್ಷ ಬೇಕು. ಯೇಸುವಿನ ಕಾಲದಲ್ಲಿ ಆಳುತ್ತಿದ್ದ ಹೆರೋದ ಅಂತಿಪನಿಗೆ ಗಲಿಲಾಯ, ಪೆರಿಯ ಎರಡೂ ಸೀಮೆ ಸೇರಿ ವರ್ಷಕ್ಕೆ ಬರುತ್ತಿದ್ದ ವರಮಾನ 200 ತಲಾಂತು ಅಂತ ಇತಿಹಾಸಕಾರ ಯೋಸೇಫಸ್ ಬರೆದಿದ್ದಾನೆ. ಆ ಆಳಿನ ಸಾಲ ಅದರ ಐವತ್ತು ಪಟ್ಟು. ಯಾವ ಮ್ಯಾನೇಜರ್ ಮಂಜೂರು ಮಾಡಿದನೋ! ರಾಜ ಅದನ್ನು ಬಿಟ್ಟುಬಿಟ್ಟ. ಅದೇ ಆಳು ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿದ.

ಪ್ರಸಂಗದಲ್ಲಿ ಈ ನೂರು ದಿನಾರಿಯನ್ನು "ಬರೀ ಚಿಲ್ಲರೆ" ಅಂತ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅಲ್ಲ. ನೂರು ದಿನದ ಕೂಲಿ ಅಂದರೆ ಮೂರು ತಿಂಗಳಿಗಿಂತ ಜಾಸ್ತಿ ದುಡಿಮೆ. ನನ್ನ 36,000 ಅಂದರೆ ಸರಿಯಾಗಿ ಮೂರು ತಿಂಗಳ ಸಂಬಳ. ನಿನ್ನಿಂದ ಕಿತ್ತುಕೊಂಡದ್ದೂ ಮೂರು ತಿಂಗಳ ಕೆಲಸ. ಯೇಸು ಆ ಮೊತ್ತವನ್ನು ಸುಮ್ನೆ ಹೇಳಿರಲಿಕ್ಕಿಲ್ಲ. ನಿನಗೆ ಆದದ್ದು ಚಿಕ್ಕದು ಅಂತ ಅವನು ಹೇಳುತ್ತಿಲ್ಲ. ಹಾಗಾಗಿ ನಾನೂ ಹೇಳುವುದಿಲ್ಲ.

ಆ ಶನಿವಾರದ ಮೇಲೆ ನಾನು ಮತ್ತೆ ಕರ್ತನ ಭೋಜನಕ್ಕೆ ಹೋದೆ. ಅವರ ಜೊತೆ ಮಾತೂ ಶುರುವಾಯಿತು. ಕ್ಷಮಿಸಿದೆ ಅಂದುಕೊಂಡೆ. ಆದರೆ ಪ್ರತಿ ಜೂನ್‌ನಲ್ಲಿ ಬಕೆಟ್ ಇಡುವಾಗ ಅವರ ಹೆಸರು ಬಾಯಿಗೆ ಬರುತ್ತಿತ್ತು. ಅವರು ಹೊಸ ಸ್ಕೂಟರ್ ತಗೊಂಡಾಗ ಅದರ ಬೆಲೆ ಎಷ್ಟು ಅಂತ ವಿಚಾರಿಸಿಕೊಂಡು ಬಂದೆ!

ಬ್ಯಾಂಕಿನಲ್ಲಿ ರೈಟ್ ಆಫ್ ಅಂತ ಒಂದಿದೆ. ಪೇಪರಿನಲ್ಲಿ ಅದನ್ನು ನೋಡಿದವರು ಸಾಲ ಮನ್ನಾ ಆಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಬಾರದ ಸಾಲವನ್ನು ಬ್ಯಾಂಕು ತನ್ನ ಲೆಕ್ಕಪತ್ರದಿಂದ ತೆಗೆದುಹಾಕುತ್ತದೆ, ಅಷ್ಟೇ. ಸಾಲಗಾರನ ಹೊಣೆ ತಪ್ಪುವುದಿಲ್ಲ. ನೋಟಿಸು, ಕೋರ್ಟು, ವಸೂಲಿ ಎಲ್ಲ ಹಾಗೇ ನಡೆಯುತ್ತಿರುತ್ತದೆ. ನಾನು ಮಾಡಿದ್ದು ರೈಟ್ ಆಫ್. ಹೊರಗಿನ ಪುಸ್ತಕ ಶುಭ್ರ, ಒಳಗೆ ಹತ್ತು ವರ್ಷ ವಸೂಲಿ ನಡೆದೇ ಇತ್ತು.

ಮನ್ನಾ ಅಂದರೆ ಬಾಕಿಯೇ ಇಲ್ಲ ಅಂತ. ಅದು ಪುಕ್ಕಟೆ ಅಲ್ಲ. 2018ರಲ್ಲಿ ನಮ್ಮ ರಾಜ್ಯದಲ್ಲಿ ರೈತರ ಸಾಲ ಮನ್ನಾ ಮಾಡಿದರಲ್ಲ, ಆ ದುಡ್ಡನ್ನು ಬ್ಯಾಂಕಿಗೆ ಸರಕಾರ ತುಂಬಬೇಕಿತ್ತು. ಯಾರಾದರೂ ಒಬ್ಬರು ಆ ನಷ್ಟ ಹೊರಲೇಬೇಕು. ಸಾಮ್ಯದಲ್ಲಿ ರಾಜ ಹೊತ್ತ. ಯೇಸು ಶಿಲುಬೆಯಲ್ಲಿ ಸತ್ತ ಶುಭ ಶುಕ್ರವಾರ ನಾವು ಹಾಡಿ ಅಳುವುದೂ ಇದನ್ನೇ ಅಲ್ವಾ. (ಅಡವಿಯಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಬಿದ್ದ ಆಹಾರ, ಮನ್ನ, ಅದು ಬೇರೆ ಪದ ಬಿಡು. ಚಿಕ್ಕವಳಿದ್ದಾಗ ನೀನು "ಸಾಲ ಮನ್ನಾ" ಅಂದರೆ ಸಾಲವಾಗಿ ಕೊಟ್ಟ ಮನ್ನ ಅಂದುಕೊಂಡಿದ್ದೆ. ಆದರೆ ಆ ಮನ್ನ ಕೂಡ ದಿನದಿನವೂ ಹೊಸದಾಗಿ ಕೂಡಿಸಬೇಕಾದದ್ದು. ಕರ್ತನ ಪ್ರಾರ್ಥನೆಯಲ್ಲೂ ಅನುದಿನದ ಆಹಾರ ಕೇಳಿದ ಕೂಡಲೇ ಕ್ಷಮೆಯ ಮಾತು ಬರುತ್ತದೆ. ಇಂದಿನ ಅನ್ನದ ಹಾಗೆ ಅದೂ ಇಂದಿನದು. ನಾಳೆ ಮತ್ತೆ ಬೇಕು.)

ನಾನು ಜಾಮೀನು ನಿಂತ ಆ ಮನುಷ್ಯ ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಮೂರ್ನಾಲ್ಕು ದಿನ ಬಿಟ್ಟು ಅವರ ಮಗ ನಮ್ಮ ಮನೆಗೆ ಬಂದ. ನಿನ್ನ ವಯಸ್ಸಿನವನೇ. ಚಾವಡಿಯಲ್ಲಿ ನಿಂತೇ ಕೇಳಿದ, "ಅಂಕಲ್, ಅಪ್ಪನಿಂದ ನಿಮಗೆ ಏನಾದರೂ ಬರಬೇಕಾದ್ದು ಇದೆಯಾ?"

ಒಳಗೆ ಕಪಾಟಿನಲ್ಲಿ ಚೀಟಿ ಇತ್ತು. 31,000. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅನ್ನಬೇಕು ಅಂತ ನಿನಗೆ ಕಲಿಸಿದವನು ನಾನು. "ಇಲ್ಲಪ್ಪ, ಏನೂ ಇಲ್ಲ" ಅಂದೆ. ಬಾಯಿ ಬಿಡುವವರೆಗೆ ಅದು ಸುಳ್ಳೇ ಆಗಿತ್ತು. ಹೇಳಿ ಮುಗಿಸುವಾಗ ನಿಜವಾಗಿತ್ತು. ಸಾಲ ತೀರಿದವರಿಗೆ ಬ್ಯಾಂಕಿನಲ್ಲಿ ನೋ ಡ್ಯೂ ಸರ್ಟಿಫಿಕೇಟ್ ಕೊಡುತ್ತೇವಲ್ಲ, ಹಾಗೆ. ಆ ಹುಡುಗ ಹೋದ ಮೇಲೆ ಚೀಟಿ ಹರಿದು ಹಾಕಿದೆ. ಹತ್ತು ವರ್ಷ ತಡವಾಯಿತು, ಅಷ್ಟೇ.

ಹಾಗಂತ ಅವರು ಬದುಕಿದ್ದು ಇನ್ನೊಂದು ಜಾಮೀನು ಕೇಳಿದ್ದರೆ ಸಹಿ ಹಾಕುತ್ತಿರಲಿಲ್ಲ. ಕ್ಷಮಿಸುವುದು ಬೇರೆ, ಮತ್ತೆ ನಂಬುವುದು ಬೇರೆ. ಕೊನೆಗೂ ಕೇಳದವನು ನಿನಗೆ ಸುಂಕದವನ ಹಾಗಿರಲಿ ಅಂತ ಅದೇ ಅಧ್ಯಾಯದಲ್ಲಿದೆ. ದೂರ ಇಡು ಅಂತ ಅರ್ಥ. ಆದರೆ ಅದನ್ನು ಬರೆದಿಟ್ಟವನೇ ಸುಂಕದವ, ಮತ್ತು ಯೇಸು ಅವನ ಮನೆಯಲ್ಲಿ ಊಟಕ್ಕೆ ಕೂತಿದ್ದ. ಇದನ್ನು ಹೇಗೆ ಹೊಂದಿಸಬೇಕು ಅಂತ ನನಗೆ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಈಗ ನಿನ್ನ ಕೆಲಸ. ಯಾವ ದಿನ ಯಾರು ಏನು ಬರೆದರು ಅಂತ ನಿಮ್ಮ ಕಂಪ್ಯೂಟರಿನಲ್ಲಿ ತಾರೀಖು ಸಮೇತ ಇರುತ್ತದೆ ಅಂತ ನೀನೇ ಹೇಳಿದ್ದೆ. ಅದನ್ನು ತೆಗೆದಿಟ್ಟುಕೋ. ಮೊದಲು ಅವನನ್ನು ಒಬ್ಬನೇ ಕರೆದು ಕೇಳು. ಕ್ಯಾಂಟೀನಿನಲ್ಲಿ ಬೇಡ, ಎಲ್ಲರ ಕಿವಿ ಅಲ್ಲೇ ಇರುತ್ತದೆ. ಅವನು ಒಪ್ಪಿ ತಾನೇ ಹೋಗಿ ಸರಿಪಡಿಸಿದರೆ ಅಲ್ಲಿಗೆ ಮುಗಿಯಿತು. ಒಪ್ಪದಿದ್ದರೆ ಜೊತೆಗೆ ಕೆಲಸ ಮಾಡಿದ ಇಬ್ಬರನ್ನು ಕರೆದುಕೋ. ಆಮೇಲೆ ಮ್ಯಾನೇಜರ್ ಹತ್ತಿರ ಹೋಗು, ಬರವಣಿಗೆಯಲ್ಲೇ ಕೊಡು. ಪ್ರಮೋಷನ್ ಕೇಳುವುದು ಪಾಪ ಅಲ್ಲ. ಇಷ್ಟು ಮಾಡುವವರೆಗೆ ನಾನು ಕ್ಷಮೆಯ ಮಾತೆತ್ತುವುದಿಲ್ಲ. ಆಮೇಲೂ ಅವಸರ ಮಾಡುವುದಿಲ್ಲ, ನನಗೇ ಹತ್ತು ವರ್ಷ ಬೇಕಾಯಿತು.

ಇನ್ನೊಂದು ಮಾತು. ಇದು ಬರೀ ಕೆಲಸದ ವಿಷಯವಾಗಿದ್ದರೆ ಹೀಗೆ. ಅವನು ಬೇರೆ ರೀತಿಯಲ್ಲಿ ಏನಾದರೂ ತೊಂದರೆ ಕೊಟ್ಟಿದ್ದರೆ "ಒಬ್ಬನೇ ಇರುವಾಗ" ಅನ್ನುವುದನ್ನೆಲ್ಲ ಬಿಟ್ಟು ಸೀದಾ ದೂರು ಕೊಡು. ಹತ್ತು ಜನರಿರುವ ಯಾವ ಆಫೀಸಿನಲ್ಲೂ ಅದಕ್ಕೊಂದು ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾನೂನು ಇದೆ. ಬಸ್ಸು ಹತ್ತಿ ನಾನೂ ಬರುತ್ತೇನೆ.

ಉಪ್ಪಿನಕಾಯಿ ಭರಣಿ ಶುಕ್ರವಾರದ ಬಸ್ಸಿಗೆ ಹಾಕುತ್ತೇವೆ. ಅವನ ಹತ್ತಿರ ಮಾತಾಡಿದ ದಿನ ರಾತ್ರಿ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ. ಅಮ್ಮನಿಗೆ ವಿಷಯ ನೀನೇ ಹೇಳು. "ಆಫೀಸಿನ ತಲೆಬಿಸಿ" ಅಂದದ್ದಕ್ಕೆ ಅವಳು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಪ್ರೀತಿಯ
ಅಪ್ಪ