ಟ್ರೈ ಆದ ಮೇಲೂ ಕಣ್ಣು ತೆಗೆಯಬೇಡಿ

ಏಷ್ಯಾದ ದೇಶಗಳ ಸೆವೆನ್ಸ್ ರಗ್ಬಿ ನೋಡಲು ಕೂತ ನಮ್ಮವರಲ್ಲಿ ಬಹಳ ಮಂದಿ ಒಂದೇ ತಪ್ಪು ಮಾಡುತ್ತಾರೆ. ಟ್ರೈ ಆದ ಕೂಡಲೇ, ಅಂದರೆ ಎದುರಾಳಿಯ ಕೊನೆಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದ ಕೂಡಲೇ, ಚಪ್ಪಾಳೆ ತಟ್ಟಿ ಪಕ್ಕದವರತ್ತ ತಿರುಗಿ ಮಾತಿಗಿಳಿಯುತ್ತಾರೆ. ಪಂದ್ಯ ತಿರುಗುವುದು ಎಷ್ಟೋ ಸಲ ಆ ಮುಂದಿನ ಒಂದು ನಿಮಿಷದಲ್ಲೇ.

ಕಬಡ್ಡಿ ಬಲ್ಲವರಿಗೆ ಈ ಆಟ ತೀರಾ ಹೊಸದೆನಿಸದು. ಇಲ್ಲೂ ಅಂಗಳದಲ್ಲಿ 7 ಜನ, ಇಲ್ಲೂ ಎದುರಾಳಿಯನ್ನು ಹಿಡಿದು ಕೆಡವಬೇಕು. ಆದರೆ ಭುಜಕ್ಕಿಂತ ಮೇಲೆ ಕೈ ಹಾಕುವಂತಿಲ್ಲ, ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಅವಧಿ 7 ನಿಮಿಷದ್ದು, ಅಂಥವು ಎರಡು. ಅಂಗಳ ಮಾತ್ರ 15 ಜನರ ರಗ್ಬಿಯದೇ: ಸುಮಾರು 100 ಮೀಟರ್ ಉದ್ದ, 70 ಮೀಟರ್ ಅಗಲ.

ಟ್ರೈಗೆ 5 ಅಂಕ, ಅದರ ಬೆನ್ನಿಗೆ ಬರುವ ಕನ್ವರ್ಷನ್‌ಗೆ, ಅಂದರೆ ಆ ಗೆರೆಯ ಮೇಲಿನ ಎರಡು ಕಂಬಗಳ ನಡುವೆ ಚೆಂಡು ಹಾಯಿಸುವ ಒದೆತಕ್ಕೆ, 2. ಚೆಂಡನ್ನು ಎಲ್ಲಿ ನೆಲಕ್ಕೆ ಒತ್ತಿದರೋ ಅದರ ನೇರದಲ್ಲೇ ಹಿಂದೆ ಬಂದು ಒದೆಯಬೇಕು. ಒಬ್ಬಂಟಿಯಾಗಿ ಗೆರೆ ದಾಟಿದವನು ಮೂಲೆ ಬಿಟ್ಟು ಕಂಬಗಳ ನಡುವಿಗೆ ಓಡುವುದು ಅದಕ್ಕೇ. ಸೆವೆನ್ಸ್‌ನಲ್ಲಿ ಚೆಂಡನ್ನು ನೆಲದಲ್ಲಿ ನಿಲ್ಲಿಸಿಟ್ಟು ಒದೆಯುವ ಅವಕಾಶವಿಲ್ಲ. ಕೈಯಿಂದ ಬಿಟ್ಟು, ಅದು ನೆಲ ಮುಟ್ಟಿ ಏಳುವ ಕ್ಷಣಕ್ಕೆ ಕಾಲು ತಾಗಬೇಕು, ಅದೂ 30 ಸೆಕೆಂಡಿನೊಳಗೆ. ಓಡಿ ಓಡಿ ಏದುಸಿರು ಬಿಡುತ್ತಿರುವವನ ಕೈಯಿಂದ ಚೆಂಡು ಸ್ವಲ್ಪ ವಾರೆಯಾಗಿ ಬಿದ್ದರೂ ಒದೆತ ಕಂಬದಾಚೆ ಹೋಗುತ್ತದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಜಪಾನ್ ನ್ಯೂಜಿಲೆಂಡನ್ನು 14-12ರಿಂದ ಸೋಲಿಸಿತಲ್ಲ, ಅಲ್ಲಿ ಎರಡೂ ತಂಡಗಳದು ತಲಾ 2 ಟ್ರೈ. ಗೆಲುವು ತಂದದ್ದು ಒಂದು ಕನ್ವರ್ಷನ್. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಮಹಿಳೆಯರ ಫೈನಲ್‌ನಲ್ಲಿ ಚೀನಾ ಜಪಾನನ್ನು ಮಣಿಸಿದ್ದು 22-21ರಲ್ಲಿ.

ಒದೆಯಲು ಹೋಗುವಾಗಲೂ ಗಡಿಯಾರ ಓಡುತ್ತಲೇ ಇರುತ್ತದೆ. ಮುಂದಿರುವ ತಂಡ ನಿಧಾನಕ್ಕೆ ನಡೆಯುತ್ತದೆ. ಹಿಂದಿರುವ ತಂಡ ಅವಸರದಲ್ಲಿ ಒದೆಯುತ್ತದೆ, ಕೆಲವೊಮ್ಮೆ ಆ 2 ಅಂಕವನ್ನೇ ಬಿಟ್ಟು ಮಧ್ಯಗೆರೆಗೆ ಓಡುತ್ತದೆ.

ನಿಜವಾದ ರೋಚಕತೆ ಇರುವುದು ಅಲ್ಲಿ, ಮಧ್ಯಗೆರೆಯಿಂದ ಆಟ ಮತ್ತೆ ಶುರುಮಾಡುವ ಕಿಕ್-ಆಫ್‌ನಲ್ಲಿ. ಇಲ್ಲಿ ಟ್ರೈ ಗಳಿಸಿದ ತಂಡವೇ ಮತ್ತೆ ಚೆಂಡು ಒದೆಯಬೇಕು. ಹಾಗಾಗಿ ದೂರ ಒದ್ದು ಚೆಂಡನ್ನು ಎದುರಾಳಿಗೆ ಒಪ್ಪಿಸುವುದು ದಡ್ಡತನ. ಒಳ್ಳೆಯ ಒದೆತ ಎತ್ತರಕ್ಕೇರಿ, 10 ಮೀಟರ್ ಗೆರೆಯಾಚೆ, ಪಕ್ಕದ ಗೆರೆಯ ಹತ್ತಿರ ಇಳಿಯುತ್ತದೆ. ಅಷ್ಟರಲ್ಲಿ ಜೊತೆಗಾರರು ಅಲ್ಲಿಗೆ ತಲುಪಿರುತ್ತಾರೆ. ಎದುರಾಳಿಗಳಲ್ಲಿ ಒಬ್ಬ ತನ್ನವನನ್ನು ತೊಡೆ ಹಿಡಿದು ಮೇಲೆತ್ತುತ್ತಾನೆ, ಗಾಳಿಯಲ್ಲಿ ನಾಲ್ಕು ಕೈಗಳು ಒಂದೇ ಚೆಂಡಿಗೆ ಚಾಚುತ್ತವೆ. ಚೆಂಡು 10 ಮೀಟರ್ ಮುಟ್ಟದಿದ್ದರೆ, ನೆಲಕ್ಕೆ ಬೀಳದೆ ನೇರ ಹೊರಗೆ ಹೋದರೆ, ಅಥವಾ ಓಡುವವರಲ್ಲಿ ಒಬ್ಬ ಒದೆಯುವವನಿಗಿಂತ ಮುಂದಿದ್ದರೆ, ಮಧ್ಯಗೆರೆಯಲ್ಲಿ ಎದುರಾಳಿಗೆ ಫ್ರೀ ಕಿಕ್. ಸತತ 3 ಟ್ರೈ ಹೊಡೆದ ತಂಡ ಕಂಡರೆ ಅದರ ಕಿಕ್-ಆಫ್‌ಗಳನ್ನು ನೆನಪಿಸಿಕೊಳ್ಳಿ, ಎದುರಾಳಿಗೆ ಚೆಂಡೇ ಸಿಕ್ಕಿರುವುದಿಲ್ಲ.

ಹಳದಿ ಕಾರ್ಡ್ ಸಿಕ್ಕವನು 2 ನಿಮಿಷ ಹೊರಗೆ. ಸಾಮಾನ್ಯವಾಗಿ 6 ಜನ ಅಡ್ಡಸಾಲಾಗಿ ನಿಂತು ಒಬ್ಬ ಹಿಂದೆ ಕಾವಲಿರುತ್ತಾನೆ. ಅಂದರೆ ತಲೆಗೆ ಸುಮಾರು 12 ಮೀಟರ್ ಅಗಲ. ಸಾಲಿನಲ್ಲಿ 5 ಜನರಾದರೆ ಅದು 14 ಮೀಟರ್ ಆಗುತ್ತದೆ. ಆ 2 ನಿಮಿಷದಲ್ಲಿ 2 ಟ್ರೈ ಆದರೂ ಅಚ್ಚರಿಯಿಲ್ಲ.

ಗುಂಪಿನ ಹಂತದಲ್ಲಿ ಗೆದ್ದರೆ 3, ಸಮವಾದರೆ 2, ಸೋತರೂ 1 ಪಾಯಿಂಟ್. ಮೂರು ತಂಡ ಸಮ ನಿಂತರೆ ಗಳಿಸಿದ ಮತ್ತು ಬಿಟ್ಟುಕೊಟ್ಟ ಅಂಕಗಳ ವ್ಯತ್ಯಾಸ ನೋಡುತ್ತಾರೆ. ಸೋಲು ಖಚಿತವಾದ ತಂಡವೂ ಕೊನೆಯ ಟ್ರೈಗೆ ಜೀವ ತೇಯುವುದು ಈ ಲೆಕ್ಕಕ್ಕಾಗಿ. ನಾಕೌಟ್ ಪಂದ್ಯ ಸಮವಾದರೆ ಹೆಚ್ಚುವರಿ ಸಮಯ, ಅದರಲ್ಲಿ ಮೊದಲು ಅಂಕ ಗಳಿಸಿದವರೇ ವಿಜೇತರು. 2019ರಲ್ಲಿ ಇಂಚಿಯಾನ್‌ನಲ್ಲಿ ದಕ್ಷಿಣ ಕೊರಿಯಾ ಹಾಂಗ್‌ಕಾಂಗನ್ನು 12-7ರಿಂದ ಹೀಗೇ ಸೋಲಿಸಿ ಒಲಿಂಪಿಕ್ಸ್‌ಗೆ ಹೋಯಿತು.

ಕ್ರೀಡಾಂಗಣಕ್ಕೇ ಹೋಗುವವರು ಸಾಧ್ಯವಾದರೆ ಕಂಬಗಳ ಹಿಂದಿನ ಎತ್ತರದ ಸಾಲಿನಲ್ಲಿ ಕೂರಿ. ಇಬ್ಬರು ಆಟಗಾರರ ನಡುವೆ ಸಂದು ತೆರೆದುಕೊಳ್ಳುವುದು ಓಡುವವನಿಗಿಂತ ಮೊದಲು ನಿಮಗೇ ಕಾಣುತ್ತದೆ.