1880ರಲ್ಲಿ ಇಲ್ಲದ ಹುಡುಗಿ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಒಂದು ಸಾಲು ನನಗೆ ನಿದ್ದೆ ಕೊಡುತ್ತಿಲ್ಲ. ನೀನು ಹುಡುಕುತ್ತಿರುವ ಐರಿಶ್ ಹುಡುಗಿ 1870ರ ಶಿಕಾಗೋ ಜನಗಣತಿಯಲ್ಲಿದ್ದಾಳೆ, 1880ರಲ್ಲಿ ಎಲ್ಲೂ ಇಲ್ಲ. 'ನಾನೂ ಈ ಊರಲ್ಲಿ ಹಾಗೇ ಇಲ್ಲವಾಗಿಬಿಟ್ಟರೆ ಯಾರಿಗೆ ಗೊತ್ತಾಗುತ್ತೆ ಅತ್ತೆ' ಅಂತ ಬರೆದಿದ್ದೀಯ.

ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಏನೋ ಆಗಿಹೋಯಿತು ಅಂತ ಯಾಕೆ ಅಂದುಕೊಳ್ಳಬೇಕು? ಇಪ್ಪತ್ತೆಂಟು ವರ್ಷ ಬಿ.ಎ. ಮಕ್ಕಳಿಗೆ ಅಮೆರಿಕದ ಇತಿಹಾಸ ಪಾಠ ಮಾಡಿದೆ. ಶಿಕಾಗೋದಲ್ಲಿ 1840ರಲ್ಲಿ 4,470 ಜನ, 1870ಕ್ಕೆ 2,98,977 ಅಂತ ಬೋರ್ಡಿನ ಮೇಲೆ ಬರೆಯುತ್ತಿದ್ದೆ. 1848ರಲ್ಲಿ ಕಾಲುವೆ ಮುಗಿಯಿತು, ಅದೇ ವರ್ಷ ರೈಲೂ ಬಂತು, ಊರು ಬೆಳೆಯಿತು ಅಂತ ಪಾಠ ಮುಗಿಸುತ್ತಿದ್ದೆ. ಅದು ಛತ್ರದ ಲೆಕ್ಕ ಅಂತ ಆಗ ಹೊಳೆಯಲಿಲ್ಲ. ಬಂದವರಲ್ಲಿ ಎಷ್ಟೋ ಜನ ನಾಲ್ಕು ಕಾಸು ಕೂಡಿದ ಮೇಲೆ ಇನ್ನೂ ಪಶ್ಚಿಮಕ್ಕೆ ಗಂಟು ಕಟ್ಟುತ್ತಿದ್ದರು. ಆಗಿನ ಅಮೆರಿಕದ ಎಷ್ಟೋ ಊರುಗಳಲ್ಲಿ, ಒಂದು ಗಣತಿಯಲ್ಲಿದ್ದ ಸುಮಾರು ಅರ್ಧ ಜನ ಹತ್ತು ವರ್ಷದ ನಂತರ ಅಲ್ಲಿ ಸಿಗುವುದಿಲ್ಲ.

ನಡುವೆ 1871ರ ಅಕ್ಟೋಬರಿನ ಬೆಂಕಿಯೂ ಇದೆ, ಗೊತ್ತು. ಸುಮಾರು 300 ಜನ ಸತ್ತರು, ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡು ಬದುಕಿದರು. ನಿನ್ನ ಮನಸ್ಸು ಆ 300ರ ಕಡೆಗೇ ಓಡುತ್ತದೆ. ಮದುವೆಯಾಗಿ ಅವಳ ಹೆಸರು ಬದಲಾಗಿರಬಹುದು. ಮನೆ ಬಾಗಿಲಿಗೆ ಬಂದ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿರಬಹುದು. 1862ರ ಹೋಮ್‌ಸ್ಟೆಡ್ ಕಾಯಿದೆಯಲ್ಲಿ, 21 ತುಂಬಿದ ಮದುವೆಯಾಗದ ಹೆಣ್ಣಿಗೂ 160 ಎಕರೆ ಸರ್ಕಾರಿ ಜಮೀನು ಕೇಳುವ ಹಕ್ಕಿತ್ತು. ಪಶ್ಚಿಮದ ನೆಬ್ರಾಸ್ಕಾ ರಾಜ್ಯದಲ್ಲಿ ನೋಡಿದೆಯಾ? ಇನ್ನು 1890ರ ಗಣತಿಯ ಹಾಳೆಗಳು 1921ರ ಬೆಂಕಿಯಲ್ಲಿ ಕೆಟ್ಟು, ಬಹುಪಾಲು ಇಲ್ಲವೇ ಆದವು. ಹಾಗಂತ ಆ ವರ್ಷ ಶಿಕಾಗೋದಲ್ಲಿದ್ದ ಹನ್ನೊಂದು ಲಕ್ಷ ಜನ ಇರಲೇ ಇಲ್ಲ ಅನ್ನುತ್ತೀಯಾ?

ಮುಂಬಯಿಗೆ ಹೋಗಿ ಸುದ್ದಿ ನಿಂತುಹೋದ ನನ್ನಣ್ಣ, ನಿನ್ನ ದೊಡ್ಡಪ್ಪನ ಕತೆ ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಮುಂಬಯಿಯ ಹೋಟೆಲಿಗೆ ಅವನಿಗೆ ಬರೆದ ಕೊನೆಯ ಕಾರ್ಡು ನನಗೇ ವಾಪಸ್ ಬಂದಿತ್ತು. ಅವನ ಹೆಸರಿನ ಮೇಲೆ ಪೆನ್ಸಿಲಿನ ಗೀಟು. ಪಕ್ಕದಲ್ಲಿ ಹಿಂದಿಯಲ್ಲಿ 'ಬಿಟ್ಟು ಹೋಗಿದ್ದಾರೆ' ಅಂತ ಎರಡೇ ಪದ. ಅಮ್ಮನಿಗೆ ತೋರಿಸಲಿಲ್ಲ. ಬಿಟ್ಟು ಹೋಗಿದ್ದಾರೆ ಅಂದರೆ ಬೇರೆ ಎಲ್ಲೋ ಇದ್ದಾನೆ ಅಂತ ತಾನೇ? ನಾನು ಹಾಗೆ ಓದಲಿಲ್ಲ. ಕತೆ ಮುಗಿಯಿತು ಅಂತ ಓದಿದೆ. ರಾತ್ರಿ ಬಸ್ಸು ಹತ್ತಿ ಹೋಗಿ ಅಲ್ಲಿನ ಮಾಣಿಗಳನ್ನು ಕೇಳಬಹುದಿತ್ತು. ಪೇಪರ್ ತಿದ್ದುವುದಿದೆ ಅಂತ ಕೂತೆ ಪುಟ್ಟಿ. ಅಮ್ಮ ಕೊನೆಯವರೆಗೂ ಟಪಾಲಿನವನ ದಾರಿ ಕಾದಳು.

ಬಾಸ್ಟನ್ನಿನ 'ಪೈಲಟ್' ಪತ್ರಿಕೆ ನಿನಗೆ ಗೊತ್ತಿರಬೇಕು. 1831ರಿಂದ 1921ರವರೆಗೆ, ಸುದ್ದಿ ನಿಂತುಹೋದ ಐರಿಶ್ ಜನರನ್ನು ಹುಡುಕುವ ಜಾಹೀರಾತು ಅದರಲ್ಲಿ ಬರುತ್ತಿತ್ತು. ಯಾವ ಊರಿನವನು, ಯಾವಾಗ ಹಡಗು ಹತ್ತಿದ, ಕೊನೆಗೆ ಯಾವ ಕಾಲುವೆಯ, ಯಾವ ರೈಲುದಾರಿಯ ಕೆಲಸದಲ್ಲಿದ್ದ ಅಂತೆಲ್ಲ. ಹೆಂಡತಿಯರು, ತಾಯಂದಿರು, ತಂಗಿಯರು ಹಾಕಿಸುತ್ತಿದ್ದರು. ಆ ತಂಗಿಯರು ಮಾಡಿದ್ದನ್ನು ನಾನು ಮಾಡಲಿಲ್ಲ.

ಯಾರಿಗೆ ಗೊತ್ತಾಗುತ್ತೆ ಅಂತ ಕೇಳಿದೆಯಲ್ಲ, ನನಗೆ ಗೊತ್ತಾಗುತ್ತದೆ. ಎರಡು ಭಾನುವಾರ ನಿನ್ನ ಫೋನ್ ಬರದಿದ್ದರೆ ನಾನು ಸುಮ್ನೆ ಕೂರುವುದಿಲ್ಲ. ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ಆದರೂ ಪಕ್ಕದ ಮನೆಯವರ ನಂಬರ್ ಒಂದು ಕಳಿಸಿರು. ಮನೆ ಬದಲಾಯಿಸಿದರೆ ಮೊದಲು ವಿಳಾಸ ಬರೆ, ಆಮೇಲೆ ಸಾಮಾನು ಬಿಚ್ಚು. ರಾತ್ರಿ ಹೊತ್ತು ಆ ಪಟ್ಟಿಗಳನ್ನು ಜಾಸ್ತಿ ನೋಡಬೇಡ. ನಿನ್ನ ಕೆಲಸವೇ ಅದು, ಹೇಗೆ ಬಿಡುತ್ತೀಯ, ಆದರೂ ಹೇಳಿದೆ.

ಆ ಹುಡುಗಿಯ ಹೆಸರನ್ನು ಎಷ್ಟು ಥರ ಬರೆಯಬಹುದೋ ಅಷ್ಟೂ ಬರೆದು ಕಳಿಸು. ನಾನೂ ಇಲ್ಲಿಂದ ಹುಡುಕುತ್ತೇನೆ. ಕಂಪ್ಯೂಟರಿನಲ್ಲಿ ತೆಗೆದುಕೊಡುತ್ತೇನೆ ಅಂತ ನಿನ್ನ ತಮ್ಮ ಒಪ್ಪಿಕೊಂಡಿದ್ದಾನೆ. ನೆಬ್ರಾಸ್ಕಾದಿಂದ ಶುರು ಮಾಡುತ್ತೇವೆ.

ನಿನ್ನ ಅತ್ತೆ