ಅಪ್ಪಾ, ದಾನಪತ್ರಕ್ಕೆ ಸ್ವಲ್ಪ ತಡೆಯಿರಿ

ಲೆಸ್ಟರ್, ಇಂಗ್ಲೆಂಡ್,
ಮಾರ್ಚ್ 9

ಪ್ರೀತಿಯ ಅಪ್ಪ, ಅಮ್ಮ,

ಹಲಸಿನ ಹಪ್ಪಳದ ಪಾರ್ಸೆಲ್ ಬಂತು. ಅರ್ಧ ಚೂರಾಗಿತ್ತು. ಆ ಚೂರುಗಳನ್ನೇ ಕರಿದು ಗಂಜಿ ಜೊತೆ ತಿಂದೆ. ಕುಚ್ಚಲಕ್ಕಿ ಇಲ್ಲೂ ಸಿಗುತ್ತದೆ ಅಮ್ಮ, ಕಳಿಸಬೇಡ.

ಈ ತಿಂಗಳು ಹಣ ಯಾಕೆ ಕಡಿಮೆ ಬಂತು ಅಂತ ಅಪ್ಪ ಕೇಳಿದ್ದರು. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆದು ಅಣ್ಣನ ವಾಟ್ಸಾಪ್‌ಗೆ ಕಳಿಸುತ್ತಿದ್ದೇನೆ. ಇಲ್ಲಿ ಲೈಫ್‌ಟೈಮ್ ಐಸಾ ಅಂತ ಒಂದು ಉಳಿತಾಯ ಖಾತೆ ಉಂಟು. ನಾನು ನಾಲ್ಕು ಪೌಂಡ್ ಹಾಕಿದರೆ ಸರ್ಕಾರ ಒಂದು ಪೌಂಡ್ ಸೇರಿಸುತ್ತದೆ. ಆದರೆ ವರ್ಷಕ್ಕೆ 4,000 ಪೌಂಡ್‌ಗಿಂತ ಜಾಸ್ತಿ ಹಾಕುವ ಹಾಗಿಲ್ಲ. ಪುಟ್ಟಿಯ ಸುಕನ್ಯಾ ಖಾತೆಗೆ ವರ್ಷಕ್ಕೆ ಒಂದೂವರೆ ಲಕ್ಷ ಅಂತ ಮಿತಿ ಇದೆಯಲ್ವಾ, ಹಾಗೆ. ಅಲ್ಲಿ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಇಲ್ಲಿ ಏಪ್ರಿಲ್ 5ಕ್ಕೆ. ಅಷ್ಟರೊಳಗೆ ಹಾಕದೆ ಬಿಟ್ಟದ್ದು ಹೋಯಿತು. ಮುಂದಿನ ವರ್ಷ ಸೇರಿಸಿ ಹಾಕುತ್ತೇನೆ ಅಂದರೆ ಕೇಳುವುದಿಲ್ಲ.

ಹೋದ ವರ್ಷ ನಾನು ಎಡವಿದ್ದು ಅಲ್ಲೇ. ಅದುವರೆಗೆ 2,600 ಹಾಕಿದ್ದೆ. ಏಪ್ರಿಲ್ 5ರ ರಾತ್ರಿ, ನೈಟ್ ಡ್ಯೂಟಿ ನಡುವೆ, ವಾರ್ಡಿನ ಹೊರಗೆ ಗೋಡೆಗೆ ಒರಗಿ ಉಳಿದ 1,400 ಕಳಿಸಿದೆ. ಮೊಬೈಲಿನಲ್ಲಿ ಚಕ್ರ ತಿರುಗಿತು, ತಿರುಗಿತು, ಅಷ್ಟರಲ್ಲಿ ಪೇಶೆಂಟ್ ಬೆಲ್ ಒತ್ತಿದರು. ಬೆಳಿಗ್ಗೆ ನೋಡಿದರೆ ದುಡ್ಡು ಸೇರಿದೆ, ತಾರೀಕು ಮಾತ್ರ 6. ಹೊಸ ವರ್ಷದ ಲೆಕ್ಕಕ್ಕೆ ಹೋಗಿ ಕೂತಿತ್ತು! ಆ ವರ್ಷದ 350 ಪೌಂಡ್ ಬೋನಸ್ ಕೈ ತಪ್ಪಿತು. ಅದಕ್ಕೇ ಈ ಸಲ ಕೊನೆಯ 900 ಪೌಂಡನ್ನು ಮೊನ್ನೆಯೇ ಕಟ್ಟಿಬಿಟ್ಟೆ. ನಿಮಗೆ ಕಡಿಮೆ ಬಂದದ್ದು ಹೀಗೆ.

ಅಪ್ಪನಿಗೆ ನಗು ಬರಬಹುದು. ಕಲ್ಸಂಕದ ಅಂಗಡಿಗೆ ದಿನಾ ಸಂಜೆ ಉಳಿತಾಯದ ದುಡ್ಡು ಕಟ್ಟಿಸಿಕೊಳ್ಳಲು ಬ್ಯಾಂಕಿನ ಪಿಗ್ಮಿಯವರು ಬಂದರೆ ನೀವು ಗಲ್ಲಾ ಎಳೆದು, ಬೆರಳು ಒದ್ದೆ ಮಾಡಿಕೊಂಡು ನೋಟು ಎಣಿಸುತ್ತಿದ್ದಿರಿ. 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಶುರು ಮಾಡಿದ್ದು ನಮ್ಮ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರೇ ಅಂತ ಅಜ್ಜ ಎಷ್ಟು ಸಲ ಹೇಳಿಲ್ಲ! "ಸಾಕು, ಇನ್ನು ಹಾಕಬೇಡ" ಅನ್ನುವ ಖಾತೆಯನ್ನು ಅಜ್ಜ ನಂಬುತ್ತಲೇ ಇರಲಿಲ್ಲ.

ಈ ದುಡ್ಡು ತೆಗೆಯಬೇಕಾದರೆ ಇಲ್ಲಿ ಮೊದಲ ಮನೆ ಕೊಳ್ಳಬೇಕು, ಅದೂ 4,50,000 ಪೌಂಡ್‌ ಒಳಗಿನದು. ಇಲ್ಲದಿದ್ದರೆ 60 ವರ್ಷ ತುಂಬಬೇಕು. ಸುಮ್ನೆ ತೆಗೆದರೆ ಒಟ್ಟು ಮೊತ್ತದ ಶೇಕಡಾ 25 ಕಡಿತ. ಸರ್ಕಾರ ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುತ್ತದೆ ಅಷ್ಟೇ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿ. ನನ್ನ 4,000, ಅವರ 1,000, ಒಟ್ಟು 5,000. ಅದರಲ್ಲಿ 1,250 ಹೋದರೆ ಕೈಗೆ 3,750. ನನ್ನದೇ 250 ಮುಳುಗಿತು. ಹಾಗಾಗಿ ಅಣ್ಣ ಹೊಸ ಕಾರಿನ ಮಾತು ಎತ್ತುವುದು ಬೇಡ.

ಈಗ ಮುಖ್ಯ ವಿಷಯ. ಅಂಬಲಪಾಡಿ ಮನೆಯನ್ನು ನನ್ನ ಮತ್ತು ಅಣ್ಣನ ಹೆಸರಿಗೆ ದಾನಪತ್ರ ಮಾಡುತ್ತೇನೆ ಅಂದಿರಲ್ಲ, ಈಗ ಮಾಡಬೇಡಿ. ಮೊದಲ ಮನೆ ಅಂದರೆ ಈ ದೇಶದಲ್ಲಿ ಮೊದಲನೆಯದು ಅಂತ ಅಲ್ಲ, ಪ್ರಪಂಚದಲ್ಲೇ ಮೊದಲನೆಯದು. ಉಡುಪಿಯ ಮನೆಯಲ್ಲಿ ಅರ್ಧ ಪಾಲು ಬಂದರೂ, ಅದು ಅಪ್ಪ ಪ್ರೀತಿಯಿಂದ ಕೊಟ್ಟದ್ದಾದರೂ, ನಾನು ಮನೆ ಇರುವವಳು. ಆಮೇಲೆ ಇಲ್ಲಿ ಮನೆಗೆ ಅಂತ ದುಡ್ಡು ತೆಗೆದರೂ ಅದೇ ಕಡಿತ.

ಪೂರ್ತಿ ಅಣ್ಣನ ಹೆಸರಿಗೆ ಮಾಡಿ ಅಂತ ಹೇಳುತ್ತಿಲ್ಲ, ಮತ್ತೆ! ಅತ್ತಿಗೆ ಇದನ್ನು ಓದಿ ಖುಷಿಪಡುವುದು ಬೇಡ. ನಾನು ಇಲ್ಲಿ ಮನೆ ಕೊಳ್ಳುವವರೆಗೆ ತಡೆಯಿರಿ ಅಷ್ಟೇ.

ಶುಕ್ರವಾರ ವಕೀಲರ ಹತ್ತಿರ ಹೋಗುವ ಮೊದಲು ಒಂದು ಫೋನ್ ಮಾಡಿ. ಅವತ್ತು ನನಗೆ ಮಧ್ಯಾಹ್ನದ ಡ್ಯೂಟಿ. ನಿಮ್ಮ ಸಂಜೆ ಐದರವರೆಗೆ ಮನೆಯಲ್ಲೇ ಇರುತ್ತೇನೆ.

ನಿಮ್ಮ ಮಗಳು